ಐದಕ್ಷರದ ಇಂಗ್ಲಿಷ್ ಪದಗಳಿಗೆ ಇಪ್ಪತ್ತನಾಲ್ಕು ಮನೆಗಳ ಮರದ ಪೆಟ್ಟಿಗೆ

ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರ ವಾಚನಾಲಯಕ್ಕಾಗಿ ಕಟ್ಟಿದ ಪದಪೆಟ್ಟಿಗೆಯ ಕೆಲಸದ ದಾಖಲೆ ಇದು. ಪೆಟ್ಟಿಗೆಯ ತುಂಬ ಕಾರ್ಡುಗಳಿವೆ. ಒಂದೊಂದು ಕಾರ್ಡಿನ ಮುಂಬದಿಯಲ್ಲಿ ಸರಿಯಾಗಿ ಐದು ಅಕ್ಷರಗಳ ಒಂದು ಇಂಗ್ಲಿಷ್ ಪದವಿದ್ದು, ಹಿಂಬದಿಯಲ್ಲಿ ಅದರ ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿಯೂ ಅರ್ಥವನ್ನು ಕನ್ನಡದಲ್ಲಿಯೂ ಮುದ್ರಿಸಿದೆ. ಒಂದೇ ಮೊದಲಕ್ಷರದ ಕಾರ್ಡುಗಳೆಲ್ಲ ಒಂದೇ ಮನೆಯಲ್ಲಿ ನಿಲ್ಲುತ್ತವೆ. ಇಂಥದೊಂದು ಪೆಟ್ಟಿಗೆಯನ್ನು ಬೇರೆ ಶಾಲೆಗಳಿಗೂ ಮಾಡಿಕೊಡಲು ಮನಸ್ಸಿರುವವರಿಗೆ ನೆರವಾಗಲೆಂದು ಅಳತೆಗಳನ್ನೂ, ಆ ಅಳತೆಗಳು ಹೇಗೆ ಹುಟ್ಟಿದವು ಎಂಬುದನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಐದೇ ಅಕ್ಷರ ಏಕೆ ಎಂಬುದಕ್ಕೆ ಎರಡು ಕಾರಣಗಳಿವೆ. ಮೂರಕ್ಷರದ ಪದಗಳಲ್ಲಿ ಇಂಗ್ಲಿಷ್ ಕಾಗುಣಿತದ ತೊಡಕುಗಳು ಕಾಣಿಸಿಕೊಳ್ಳಲು ಜಾಗವೇ ಇಲ್ಲ. ಏಳೆಂಟು ಅಕ್ಷರದ ಪದಗಳನ್ನು ಹೊಸದಾಗಿ ಓದುವ ಮಗು ಒಂದೇ ನೋಟದಲ್ಲಿ ಹಿಡಿಯಲಾರದು. ಐದರಲ್ಲಿ ‘ಎಸ್-ಟಿ-ಆರ್’ನಂಥ ವ್ಯಂಜನಗಳ ಗುಂಪೂ, ‘ಇ-ಎ’, ‘ಐ-ಜಿ-ಎಚ್’ಗಳಂಥ ಕಾಗುಣಿತಗಳೂ ಹಿಡಿಸುತ್ತವೆ. ಎರಡನೆಯ ಕಾರಣ ಕೈಕೆಲಸದ್ದು. ಉದ್ದ ಒಂದೇ ಆದಾಗ ಕಾರ್ಡಿನ ಮೇಲೆ ಸಮ ಅಗಲದ ಐದು ಚೌಕಗಳನ್ನು ಹಾಕಬಹುದು. ಒಂದು ಚೌಕವನ್ನು ಬೆರಳಿನಿಂದ ಮುಚ್ಚಿ ‘ಇಲ್ಲಿ ಯಾವ ಅಕ್ಷರ?’ ಎಂದು ಮಕ್ಕಳು ಪರಸ್ಪರ ಕೇಳಿಕೊಳ್ಳಬಹುದು.

ಮೊದಲ ಕೆಲಸ ಪದಗಳನ್ನು ಕೂಡಿಸುವುದು. ಲಿನಕ್ಸ್ ಮತ್ತು ಮ್ಯಾಕ್ ಗಣಕಗಳಲ್ಲಿ ಪದಗಳ ಒಂದು ಕಡತ ಸಾಮಾನ್ಯವಾಗಿ ಸಿಗುತ್ತದೆ. ಆದರೆ ಎರಡೂ ಕಡೆಯ ಕಡತಗಳು ಒಂದೇ ಅಲ್ಲ. ಮ್ಯಾಕ್‌ನಲ್ಲಿರುವುದು 1934ರ ವೆಬ್‌ಸ್ಟರ್ ನಿಘಂಟಿನ ಎರಡನೆಯ ಆವೃತ್ತಿಯಿಂದ ತೆಗೆದ ಪಟ್ಟಿ. ಅದರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಪದಗಳಿದ್ದರೂ ದಿನಬಳಕೆಯ ಬಹುವಚನಗಳು ಬಹುಪಾಲು ಇಲ್ಲ. ಯಾರೂ ಕೇಳಿರದ ಪದಗಳು ಮಾತ್ರ ಹೇರಳವಾಗಿವೆ. ಅಲ್ಲಿ ‘ಎ’ ಇಂದ ಆರಂಭವಾಗುವ ಐದಕ್ಷರದ ಪದಗಳನ್ನು ಹೆಕ್ಕಿದರೆ ಮೊದಲಿಗೆ ಬರುವುದು ‘ಎ-ಎ-ಎಲ್-ಐ-ಐ’. ಅದು ಹವಾಯಿ ದ್ವೀಪಗಳ ಒಂದು ಗಿಡದ ಹೆಸರು; ಅದೇ ಜಾತಿಯ ಗಿಡ ನಮ್ಮ ಒಣನಾಡಿನ ಕುರುಚಲು ಕಾಡುಗಳಲ್ಲಿ ಬಂದರಿಕೆ ಎಂಬ ಹೆಸರಿನಲ್ಲಿ ಬೆಳೆಯುತ್ತದೆ. ಸಸ್ಯಶಾಸ್ತ್ರದ ಆಸಕ್ತಿ ಇರುವವರಿಗೆ ಇದು ಸೊಗಸಾದ ವಿಷಯವೇ ಆದರೂ ಎಂಟನೆಯ ತರಗತಿಯ ಮಗು ಮೊದಲು ಎತ್ತಿಕೊಳ್ಳಬೇಕಾದ ಕಾರ್ಡು ಅದಲ್ಲ.

ಕಡತ ಯಾವುದೇ ಆಗಲಿ, ಸೋಸುವ ಮುನ್ನ ಅದನ್ನು ಹಸನು ಮಾಡಿಕೊಳ್ಳಬೇಕಾಗುತ್ತದೆ. ಐದು ಅಕ್ಷರ ಎಂಬ ಮಾತು ಮನುಷ್ಯರಿಗೆ ಸ್ಪಷ್ಟವಾಗಿದ್ದರೂ ಗಣಕಕ್ಕೆ ಹಾಗಿಲ್ಲ. ವಿಂಡೋಸ್‌ನಲ್ಲಿ ಉಳಿಸಿದ ಕಡತದ ಪ್ರತಿ ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಕ್ಯಾರೇಜ್ ರಿಟರ್ನ್ ಎಂಬ ಚಿಹ್ನೆ ಕುಳಿತಿರುತ್ತದೆ. ಬರಿಯ ಉದ್ದವನ್ನು ಎಣಿಸಿ ಹೆಕ್ಕಿದರೆ ನಾಲ್ಕಕ್ಷರದ ಪದಗಳೆಲ್ಲ ಐದಕ್ಷರದವಾಗಿ ಬರುತ್ತವೆ. ಕಡತದಲ್ಲಿ ಸಾಲುಗಳನ್ನು ಹುಡುಕಿ ಕೊಡುವ ಗ್ರೆಪ್ ಎಂಬ ಆಜ್ಞೆಗೆ ‘ಸಾಲಿನ ಆರಂಭ, ಐದು ಸಣ್ಣಕ್ಷರ, ಸಾಲಿನ ಅಂತ್ಯ’ ಎಂಬ ವಿನ್ಯಾಸ ಕೊಟ್ಟು ಹುಡುಕಿದರೆ ಒಂದು ಪದವೂ ಬರುವುದಿಲ್ಲ. ಆದ್ದರಿಂದ ಆ ಚಿಹ್ನೆಯನ್ನು ಅಳಿಸುವುದೇ ಮೊದಲ ಹೆಜ್ಜೆ. ‘ಷಿ’ಗೆ ಅಪಾಸ್ಟ್ರಫಿ ಮತ್ತು ‘ಡಿ’ ಸೇರಿದ ರೂಪವೂ ಎಣಿಕೆಯಲ್ಲಿ ಐದೇ ಆಗುತ್ತದೆ. ಡೆಲ್ಲಿ, ಪ್ಯಾರಿಸ್, ಇಂಡಿಯಾ ಮುಂತಾದ ಹೆಸರುಗಳು ದೊಡ್ಡಕ್ಷರದಿಂದ ಆರಂಭವಾಗುವುದರಿಂದ ಮೊದಲೇ ಎಲ್ಲವನ್ನೂ ಸಣ್ಣಕ್ಷರಕ್ಕೆ ತಿರುಗಿಸಿದರೆ ಅವೂ ಒಳಗೆ ಬಂದುಬಿಡುತ್ತವೆ. ಹಾಗಾಗಿ ತಿರುಗಿಸದೆ ಸೋಸುವುದೇ ಸರಿ. ಕೊನೆಯ ‘ಇ’ಯ ಮೇಲೆ ಗೆರೆ ಇರುವ ‘ಕೆಫೆ’ ಎಂಬ ಪದ ನಾಲ್ಕಕ್ಷರದ್ದಾದರೂ ಅಕ್ಷರಗಳನ್ನು ಬೈಟುಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಐದು ಬೈಟುಗಳನ್ನು ಹಿಡಿಯುತ್ತದೆ. ಬೈಟುಗಳನ್ನು ಎಣಿಸುವ ಉಪಕರಣ ಅದನ್ನೂ ಐದಕ್ಷರದ ಪದವೆಂದು ಎತ್ತಿ ಕೊಡುತ್ತದೆ. ಅಕ್ಷರಗಳನ್ನು ಯಾವ ಭಾಷೆಯ ನಿಯಮದಂತೆ ನೋಡಬೇಕೆಂದು ಗಣಕಕ್ಕೆ ಹೇಳುವ ಭಾಷಾ ಸನ್ನಿವೇಶವನ್ನು (ಲೊಕೇಲ್) ‘ಸಿ’ ಎಂಬ ಮೂಲ ಸ್ಥಿತಿಗೆ ಇಟ್ಟು, ಇಪ್ಪತ್ತಾರು ಸಣ್ಣಕ್ಷರಗಳಿಗೆ ಮಾತ್ರ ಅವಕಾಶ ಕೊಟ್ಟರೆ ಈ ತೊಂದರೆಗಳೆಲ್ಲ ಒಟ್ಟಿಗೆ ತೀರುತ್ತವೆ. ಸನ್ನಿವೇಶ ಬೇರೆಯಾಗಿದ್ದಾಗ ‘ಎ ಇಂದ ಝೆಡ್‌ವರೆಗೆ’ ಎಂಬ ವ್ಯಾಪ್ತಿಯೊಳಗೆ ಕೆಲವು ಗಣಕಗಳಲ್ಲಿ ದೊಡ್ಡಕ್ಷರಗಳೂ ನುಸುಳುತ್ತವೆ ಎಂಬುದನ್ನು ನೆನಪಿಡಬೇಕು.

ಗಣಕ ಸೋಸಿ ಕೊಟ್ಟ ಪಟ್ಟಿ ಬಳಸಲು ಯೋಗ್ಯವಾದ ಪಟ್ಟಿಯಲ್ಲ. ಇಲ್ಲಿ ಮನುಷ್ಯರ ಆಯ್ಕೆ ಬೇಕೇ ಬೇಕು. ಇದಕ್ಕೆ ನನಗೆ ಎರಡು ಆಧಾರಗಳು ಸಿಕ್ಕವು. ಒಂದು, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಗಣಕ ವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರು ಸಂಗ್ರಹಿಸಿದ 5,757 ಐದಕ್ಷರದ ಪದಗಳ ಪಟ್ಟಿ. 1993ರಲ್ಲಿ ಹೊರಬಂದ ಸ್ಟ್ಯಾನ್‌ಫರ್ಡ್ ಗ್ರಾಫ್‌ಬೇಸ್ ಸಂಗ್ರಹದ ಭಾಗವಾಗಿ ಅದು ಪ್ರಸಿದ್ಧವಾಯಿತು. ಆ ಪಟ್ಟಿಯ ಒಂದು ರೂಪದಲ್ಲಿ ಪದಗಳು ಅಕಾರಾದಿಯಾಗಿಲ್ಲ, ಬಳಕೆ ಹೆಚ್ಚಿರುವವು ಮೇಲೆ ಇವೆ. ವಿಚ್, ದೇರ್, ದೇರ್ ಎಂದೇ ಕೇಳುವ ಇನ್ನೊಂದು ಪದವಾದ ‘ಟಿ-ಎಚ್-ಇ-ಐ-ಆರ್’, ಅಬೌಟ್, ವುಡ್ ಎಂದು ಅದು ಆರಂಭವಾಗುತ್ತದೆ. ಮಕ್ಕಳು ಮೊದಲು ಕಲಿಯಬೇಕಾದ ಪದಗಳು ಯಾವುವು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಬೇರೆಲ್ಲೂ ಕಾಣಲಿಲ್ಲ.

ಎರಡನೆಯದು, ಐದಕ್ಷರದ ಗುಟ್ಟಿನ ಪದವನ್ನು ಊಹಿಸುವ ಅಂತರಜಾಲದ ಆಟವಾದ ವರ್ಡಲ್‌ನ ಮೂಲ ಪಟ್ಟಿ. ಜೋಶ್ ವಾರ್ಡಲ್ ಅವರು 2021ರ ಅಕ್ಟೋಬರ್‌ನಲ್ಲಿ ಈ ಆಟವನ್ನು ಸಾರ್ವಜನಿಕರಿಗೆ ತೆರೆದಾಗ ಉತ್ತರವಾಗಬಲ್ಲ 2,315 ಪದಗಳೂ, ಊಹೆಯಾಗಿ ಮಾತ್ರ ಒಪ್ಪಿಕೊಳ್ಳುವ ಇನ್ನೂ 10,657 ಪದಗಳೂ ಆಟದ ಪುಟದ ಸಂಕೇತದಲ್ಲಿಯೇ ತೆರೆದಿದ್ದವು. ಸುಮಾರು ಹನ್ನೆರಡು ಸಾವಿರ ಪದಗಳನ್ನು ಒಂದೊಂದಾಗಿ ನೋಡಿ, ಗೊತ್ತಿರುವ ಪದ ಯಾವುದು, ಗೊತ್ತಿಲ್ಲದ್ದು ಯಾವುದು ಎಂದು ಗುರುತಿಸಿ ಆ ಚಿಕ್ಕ ಪಟ್ಟಿಗೆ ದಾರಿ ಮಾಡಿದವರು ವಾರ್ಡಲ್ ಅವರ ಸಂಗಾತಿ ಪಲಕ್ ಷಾ. ಆಟ ಅಷ್ಟು ಜನರಿಗೆ ಹಿಡಿಸಿದ್ದರಲ್ಲಿ ಈ ತಾಳ್ಮೆಯ ಆಯ್ಕೆಯ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಸಂಸ್ಥೆ ಆಟವನ್ನು ಕೊಂಡುಕೊಂಡಿತು. ಮುಂದೆ ಸ್ಲೇವ್, ಲಿಂಚ್, ವೆಂಚ್ ಮೊದಲಾದ ಪದಗಳನ್ನು ಉತ್ತರಗಳಿಂದ ತೆಗೆಯಿತು. ಪೆಟ್ಟಿಗೆಯ ಅಳತೆಗೆ ನಾನು 2,315ರ ಮೂಲ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡೆ. ಶಾಲೆಗೆ ಒಪ್ಪದ ಪದವನ್ನು ತೆಗೆದ ಕಡೆಯೆಲ್ಲ ಅದೇ ಮೊದಲಕ್ಷರದ ಇನ್ನೊಂದು ಪದವನ್ನು ಸೇರಿಸಿ ಲೆಕ್ಕ ಬದಲಾಗದಂತೆ ನೋಡಿಕೊಂಡೆ.

ಪದಗಳನ್ನು ಬದಲಿಸಲು ಇನ್ನೂ ಒಂದು ಕಾರಣವಿತ್ತು. ಆ ಪಟ್ಟಿಯ ಕಾಗುಣಿತ ಬಹುಮಟ್ಟಿಗೆ ಅಮೆರಿಕದ್ದು. ಕಲರ್, ಆನರ್, ಲೇಬರ್, ಹ್ಯೂಮರ್, ರೂಮರ್ ಇವೆಲ್ಲ ಅಲ್ಲಿ ಐದಕ್ಷರದ ಪದಗಳು. ನಮ್ಮ ಶಾಲೆಗಳಲ್ಲಿ ಕಲಿಸುವ ಬ್ರಿಟಿಷ್ ಕಾಗುಣಿತದಲ್ಲಿ ಕೊನೆಯ ‘ಆರ್’ಗೆ ಮುಂಚೆ ‘ಯು’ ಸೇರಿ ಇವು ಆರಕ್ಷರದವಾಗುತ್ತವೆ. ಅಂದರೆ ನಮ್ಮ ಪೆಟ್ಟಿಗೆಗೆ ಸೇರುವುದೇ ಇಲ್ಲ. ಪರೀಕ್ಷೆಯಲ್ಲಿ ಒಂದು ಕಾಗುಣಿತ, ಪೆಟ್ಟಿಗೆಯಲ್ಲಿ ಇನ್ನೊಂದು ಆದರೆ ಮಗುವಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಆದ್ದರಿಂದ ಇವನ್ನೆಲ್ಲ ಕೈಬಿಟ್ಟೆ. ಇದಕ್ಕೆ ಪ್ರತಿಯಾಗಿ ಅಚ್ಚು ಎಂಬ ಅರ್ಥದ ‘ಮೋಲ್ಡ್’ ಅಮೆರಿಕದಲ್ಲಿ ನಾಲ್ಕಕ್ಷರವಾದರೆ ಬ್ರಿಟಿಷ್ ಕಾಗುಣಿತದಲ್ಲಿ ‘ಎಂ-ಒ-ಯು-ಎಲ್-ಡಿ’ ಎಂದು ಐದಾಗಿ ಒಳಗೆ ಬರುತ್ತದೆ. ‘ಎಲ್’ ಮನೆಯಲ್ಲಿ ಲೇಬರ್ ಬಿಟ್ಟುಹೋದ ಜಾಗಕ್ಕೆ ‘ಎಲ್-ಐ-ಟಿ-ಆರ್-ಇ’, ಅಂದರೆ ಹಾಲಿನ ಪ್ಯಾಕೆಟ್ಟಿನ ಮೇಲೆ ದಿನವೂ ಕಾಣುವ ಲೀಟರ್, ಬಂದು ನಿಂತಿತು.

ಇನ್ನು ಮೊದಲಕ್ಷರದ ಎಣಿಕೆ. ಪೆಟ್ಟಿಗೆಯ ವಿನ್ಯಾಸವೆಲ್ಲ ಇದರ ಮೇಲೆಯೇ ನಿಂತಿದೆ. ‘ಎಸ್’ ಇಂದ ಆರಂಭವಾಗುವ ಪದಗಳು 366, ‘ಸಿ’ 198, ‘ಬಿ’ 173. ಈ ಮೂರೇ ಅಕ್ಷರಗಳಿಗೆ ಇಡೀ ಪಟ್ಟಿಯ ಮೂರನೆಯ ಒಂದು ಪಾಲಿಗೆ ತುಸು ಕಡಿಮೆ ಸೇರುತ್ತದೆ. ಆಮೇಲೆ ‘ಟಿ’ 149, ‘ಪಿ’ 142, ‘ಎ’ 141, ‘ಎಫ್’ 136, ‘ಜಿ’ 115, ‘ಡಿ’ 111, ‘ಎಂ’ 107, ‘ಆರ್’ 105, ‘ಎಲ್’ 88, ‘ಡಬ್ಲ್ಯು’ 83, ‘ಇ’ 72, ‘ಎಚ್’ 69. ಅಲ್ಲಿಂದ ಮುಂದೆ ಇಳಿಜಾರು: ‘ವಿ’ 43, ‘ಒ’ 41, ‘ಎನ್’ 37, ‘ಐ’ 34, ‘ಯು’ 33, ‘ಕ್ಯೂ’ 23, ‘ಜೆ’ ಮತ್ತು ‘ಕೆ’ ತಲಾ 20, ‘ವೈ’ 6, ‘ಝೆಡ್’ 3. ‘ಎಕ್ಸ್’ ಇಂದ ಒಂದೂ ಇಲ್ಲ. ‘ಎಸ್’ಗೆ ಈ ಪ್ರಮಾಣ ಹೇಗೆ ಬಂತು ಎಂದರೆ, ಅದು ತನ್ನ ಪಕ್ಕದಲ್ಲಿ ಸ್ವರಗಳನ್ನಷ್ಟೇ ಅಲ್ಲದೆ ‘ಸಿ, ಎಚ್, ಕೆ, ಎಲ್, ಎಂ, ಎನ್, ಪಿ, ಕ್ಯೂ, ಟಿ, ಡಬ್ಲ್ಯು’ಗಳನ್ನೂ ಸೇರಿಸಿಕೊಳ್ಳುತ್ತದೆ. ಬೇರೆ ಯಾವ ಅಕ್ಷರಕ್ಕೂ ಇಷ್ಟು ನಂಟು ಇಲ್ಲ.

‘ಕ್ಯೂ’ದ 23 ಪದಗಳಲ್ಲಿ ಒಂದೂ ಬಿಡದಂತೆ ಎರಡನೆಯ ಅಕ್ಷರ ‘ಯು’. ‘ವೈ’ದ ಆರು ಪದಗಳೆಂದರೆ ಯಾಟ್, ಯರ್ನ್, ಯೀಸ್ಟ್, ಯೀಲ್ಡ್, ಯಂಗ್, ಯೂತ್, ‘ಝೆಡ್’ನ ಮೂರು ಜೀಬ್ರಾ, ಜೆಸ್ಟಿ, ಜೋನಲ್.

ಕಾರ್ಡುಗಳಿಗೆ 300 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಕಾಗದ ಆರಿಸಿದೆ. ನೂರು ಕಾರ್ಡುಗಳನ್ನು ಒತ್ತಿ ಹಿಡಿದು ಅಳೆದಾಗ 38 ಮಿಲಿಮೀಟರ್ ಬಂತು, ಅಂದರೆ ಒಂದಕ್ಕೆ 0.38. ಬೆರಳಿನಿಂದ ಕಾರ್ಡುಗಳನ್ನು ಹಿಂದೆ ಮುಂದೆ ವಾಲಿಸಿ ಓದಲು ಸುಮಾರು ಮೂರನೆಯ ಒಂದು ಪಾಲು ಸಡಿಲ ಬೇಕಾಗುತ್ತದೆ. ಅದನ್ನೂ ಸೇರಿಸಿದರೆ ಕಾರ್ಡೊಂದಕ್ಕೆ ಅರ್ಧ ಮಿಲಿಮೀಟರ್ ಎಂಬ ಸುಲಭದ ಲೆಕ್ಕ ಸಿಗುತ್ತದೆ. ‘ಎಸ್’ ಮನೆಗೆ 183 ಮಿಲಿಮೀಟರ್, ‘ಸಿ’ಗೆ 99, ‘ಬಿ’ಗೆ 87, ‘ಟಿ’ಗೆ 75 ಹೀಗೆ. ಆದರೆ ಇದೇ ಲೆಕ್ಕದಲ್ಲಿ ‘ಕೆ’ಗೆ ಬರುವುದು ಬರಿಯ 10 ಮಿಲಿಮೀಟರ್, ಅಷ್ಟರಲ್ಲಿ ಮಗುವಿನ ಬೆರಳೂ ಇಳಿಯದು. ಆದ್ದರಿಂದ ಯಾವ ಮನೆಯೂ 25 ಮಿಲಿಮೀಟರಿಗಿಂತ ಕಿರಿದಾಗಬಾರದು ಎಂದು ನಿಶ್ಚಯಿಸಿ, ‘ಎಕ್ಸ್, ವೈ, ಝೆಡ್’ಗಳನ್ನು ಒಂದೇ ಮನೆಯಲ್ಲಿ ಕೂಡಿಸಿದೆ. ಇಪ್ಪತ್ತಾರು ಅಕ್ಷರಗಳಿಗೆ ಇಪ್ಪತ್ತನಾಲ್ಕು ಮನೆಗಳಾದದ್ದು ಹೀಗೆ.

ಈ ಮನೆಗಳನ್ನು ಮೂರು ಸಾಲುಗಳಲ್ಲಿ ಜೋಡಿಸುವಾಗ ಲೆಕ್ಕ ಬಹಳ ಚೆನ್ನಾಗಿ ಕೂಡಿಬಂತು. ಮೊದಲ ಸಾಲಿನಲ್ಲಿ ‘ಎ’ ಇಂದ ‘ಎಫ್’ವರೆಗೆ ಆರು ಮನೆ, ನಡುವಿನ 4 ಮಿಲಿಮೀಟರಿನ ಐದು ಅಡ್ಡ ಹಲಗೆಗಳನ್ನೂ ಸೇರಿಸಿ 437 ಮಿಲಿಮೀಟರ್. ಎರಡನೆಯ ಸಾಲಿನಲ್ಲಿ ‘ಜಿ’ ಇಂದ ‘ಕ್ಯೂ’ವರೆಗೆ ಹನ್ನೊಂದು ಮನೆ, 452 ಮಿಲಿಮೀಟರ್. ಮೂರನೆಯದರಲ್ಲಿ ‘ಆರ್’ ಇಂದ ಕೊನೆಯವರೆಗೆ ಏಳು ಮನೆ, ಅದೂ ಸರಿಯಾಗಿ 452. ಒಳ ಉದ್ದವನ್ನು 455 ಎಂದು ಇಟ್ಟರೆ ಮೂರೂ ಸಾಲುಗಳು ಹಿಡಿಸುತ್ತವೆ; ಮೊದಲ ಸಾಲಿನ ಕೊನೆಯಲ್ಲಿ ಉಳಿಯುವ ಕಿರಿದಾದ ಜಾಗದಲ್ಲಿ ಬರೆಯದ ಖಾಲಿ ಕಾರ್ಡುಗಳನ್ನು ಇಡಬಹುದು. ಸಾಲುಗಳ ಗಡಿಯನ್ನು ಬೇರೆ ಅಕ್ಷರಕ್ಕೆ ಸರಿಸಿ ನೋಡಿದರೆ ಈ ಸಮತೋಲ ಕೆಡುತ್ತದೆ. ‘ಕ್ಯೂ’ವನ್ನು ಮೂರನೆಯ ಸಾಲಿಗೆ ಕಳುಹಿಸಿದರೆ ಅದೊಂದೇ 481ಕ್ಕೆ ಏರುತ್ತದೆ.

ಕಾರ್ಡಿನ ಅಳತೆ 80ಕ್ಕೆ 55 ಮಿಲಿಮೀಟರ್. ಐದು ಚೌಕಗಳಿಗೆ ತಲಾ 14, ಎರಡೂ ಬದಿಗೆ ಐದೈದು ಅಂಚು. ಎ3 ಹಾಳೆಯೊಂದರಲ್ಲಿ ಹೀಗೆ ಇಪ್ಪತ್ತೈದು ಕಾರ್ಡುಗಳು ಹಿಡಿಸುತ್ತವೆ. ಒಟ್ಟು 93 ಹಾಳೆಗಳಾದರೆ 2,325 ಕಾರ್ಡು. ಪದಗಳು ಮುಗಿದ ಮೇಲೂ ಹತ್ತು ಖಾಲಿ ಕಾರ್ಡು ಮಿಗುತ್ತವೆ. ಮುದ್ರಣಕ್ಕೆ ಕಡತ ಸಿದ್ಧಪಡಿಸುವಾಗ ಪದಗಳನ್ನು ಒಂದು ಹಾಳೆಯಲ್ಲಿ ಎಡದಿಂದ ಬಲಕ್ಕೆ ಅಕಾರಾದಿಯಾಗಿ ಜೋಡಿಸಬಾರದು. ಹಾಗೆ ಮಾಡಿದರೆ ಕತ್ತರಿಸಿದ ಮೇಲೆ ಎರಡು ಸಾವಿರ ಕಾರ್ಡುಗಳನ್ನು ಕೈಯಿಂದ ವಿಂಗಡಿಸುತ್ತ ಕೂರಬೇಕಾಗುತ್ತದೆ. ಹಾಳೆಯ ಮೊದಲ ಕಾರ್ಡಿನ ಜಾಗದಲ್ಲಿ 1ರಿಂದ 93ರವರೆಗಿನ ಪದಗಳು ಹಾಳೆಯ ಹಿಂದೆ ಹಾಳೆಯಾಗಿ ಬರಬೇಕು, ಎರಡನೆಯ ಕಾರ್ಡಿನ ಜಾಗದಲ್ಲಿ 94ರಿಂದ 186ರವರೆಗೆ, ಹೀಗೆ ಮುಂದೆ. ಹಾಳೆಗಳ ಕಟ್ಟನ್ನು ಒಟ್ಟಿಗೆ ಕತ್ತರಿಸುವ ಯಂತ್ರಕ್ಕೆ ಕೊಟ್ಟಾಗ ಪ್ರತಿ ಜಾಗವೂ ಅಕಾರಾದಿಯಲ್ಲಿಯೇ ಇರುವ 93 ಕಾರ್ಡುಗಳ ಕಂತೆಯಾಗಿ ಹೊರಬರುತ್ತದೆ. ಇಪ್ಪತ್ತೈದು ಕಂತೆಗಳನ್ನು ಒಂದರ ಹಿಂದೊಂದು ಇಟ್ಟರೆ ಪಟ್ಟಿ ಸಿದ್ಧ. ಹಿಂಬದಿಯ ಮುದ್ರಣದಲ್ಲಿ ಕಾರ್ಡುಗಳ ಕ್ರಮ ಎಡಬಲ ತಿರುಗಿರಬೇಕು ಎಂಬುದನ್ನು ಮಾತ್ರ ಒಂದು ಹಾಳೆಯ ಮಾದರಿ ತೆಗೆಸಿ ಖಚಿತಪಡಿಸಿಕೊಳ್ಳಬೇಕು.

ಮುಂಬದಿಗೆ ಎಲ್ಲ ಅಕ್ಷರಗಳಿಗೂ ಒಂದೇ ಅಗಲವಿರುವ ಫಾಂಟ್ ಬಳಸಿದೆ. ಮೊದಲಕ್ಷರ ಕೆಂಪು, ಉಳಿದ ನಾಲ್ಕು ಕಪ್ಪು. ಕ್ನೂತ್ ಅವರ ಪಟ್ಟಿಯಲ್ಲಿ ಮೇಲಿರುವ ಪದಗಳಿಗೆ ಕಾರ್ಡಿನ ತಲೆಯಂಚಿನಲ್ಲಿ ಹಸಿರು ಪಟ್ಟಿ ಇದೆ. ಪೆಟ್ಟಿಗೆಯನ್ನು ಮೇಲಿನಿಂದ ನೋಡಿದಾಗ ಯಾವ ಮನೆಯಲ್ಲಿ ಮೊದಲು ಕಲಿಯಬೇಕಾದ ಪದಗಳು ಎಲ್ಲಿವೆ ಎಂಬುದು ಕಾರ್ಡು ಎತ್ತದೆಯೇ ತಿಳಿಯುತ್ತದೆ.

ಹಿಂಬದಿಯ ಕನ್ನಡಕ್ಕೆ ನೋಟೊ ಸಾನ್ಸ್ ಕನ್ನಡ ಫಾಂಟ್. ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಬಳಕೆಯಲ್ಲಿರುವ ಹಳೆಯ ತಂತ್ರಾಂಶಗಳಲ್ಲಿ ಯುನಿಕೋಡ್ ಕನ್ನಡವನ್ನು ತೆರೆದರೆ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬೀಳುತ್ತವೆ. ಇದಕ್ಕೆ ಪರಿಹಾರ, ಫಾಂಟನ್ನು ಒಳಗೇ ಅಡಕಗೊಳಿಸಿದ ಪಿಡಿಎಫ್ ಕಡತವನ್ನೇ ಕೊಟ್ಟು, ಅದನ್ನು ಬೇರೆ ತಂತ್ರಾಂಶದಲ್ಲಿ ತೆರೆಯದೆ ನೇರವಾಗಿ ಮುದ್ರಿಸಲು ಕೇಳಿಕೊಳ್ಳುವುದು. ಅರ್ಥದ ಸಾಲು ಕಾರ್ಡಿನಿಂದ ಹೊರಗೆ ಹೋಗದಂತೆ ಉದ್ದಕ್ಕೆ ಮಿತಿ ಹಾಕುವಾಗಲೂ ಎಚ್ಚರ ಬೇಕು. ‘ಕನ್ನಡ’ ಎಂಬುದು ನಮ್ಮ ಎಣಿಕೆಯಲ್ಲಿ ಮೂರು ಅಕ್ಷರ, ಯುನಿಕೋಡ್ ಸಂಕೇತಗಳಲ್ಲಿ ಐದು, ಬೈಟುಗಳಲ್ಲಿ ಹದಿನೈದು. ಆದ್ದರಿಂದ ಎಣಿಕೆಯನ್ನು ನಂಬದೆ ಮುದ್ರಣದ ಅಗಲವನ್ನು ಮಿಲಿಮೀಟರಿನಲ್ಲಿಯೇ ಅಳೆದು ಮಿತಿ ಹಾಕಿದೆ.

ಮರಗೆಲಸ ಸರಳವಾದದ್ದು. ಹೊರಗೋಡೆಗೆ 12 ಮಿಲಿಮೀಟರ್ ಪ್ಲೈವುಡ್, ಸಾಲುಗಳನ್ನು ಬೇರ್ಪಡಿಸುವ ಎರಡು ಉದ್ದ ಹಲಗೆಗಳಿಗೆ 9, ಮನೆಗಳ ಅಡ್ಡ ಹಲಗೆಗಳಿಗೆ 4, ತಳಕ್ಕೆ 6. ಪ್ರತಿ ಸಾಲಿನ ಒಳ ಅಗಲ 82 ಮಿಲಿಮೀಟರ್. ಹೀಗೆ ಹೊರ ಅಳತೆ 479ಕ್ಕೆ 288 ಆಗುತ್ತದೆ. ಅಡ್ಡ ಹಲಗೆಗಳನ್ನು ಅಂಟಿಸದೆ, ಎರಡೂ ಬದಿಯ ಗೋಡೆಗಳಲ್ಲಿ 2 ಮಿಲಿಮೀಟರ್ ಆಳದ ತೋಡುಗಳನ್ನು ಕೊರೆದು ಮೇಲಿನಿಂದ ಇಳಿಸಿದೆ. ಅದಕ್ಕಾಗಿ ಅವುಗಳ ಅಗಲ 86. ಉದ್ದ ಹಲಗೆಗಳ ಎರಡು ಬದಿಯ ತೋಡುಗಳು ಒಂದೇ ಜಾಗದಲ್ಲಿ ಎದುರುಬದುರಾದರೂ ನಡುವೆ 5 ಮಿಲಿಮೀಟರ್ ಮರ ಉಳಿಯಲಿ ಎಂದೇ 9ರ ಪ್ಲೈವುಡ್ ಆರಿಸಿದ್ದು. ತೋಡಿನ ಸ್ಥಾನಗಳನ್ನು ಪ್ರತಿ ಮನೆಗೂ ಹಿಂದಿನ ಮನೆಯಿಂದ ಅಳೆಯುತ್ತ ಹೋದರೆ ಸಣ್ಣ ವ್ಯತ್ಯಾಸಗಳು ಕೂಡುತ್ತ ಹೋಗಿ ಕೊನೆಯ ಮನೆ ಕಿರಿದಾಗುತ್ತದೆ. ಎಲ್ಲವನ್ನೂ ಎಡ ತುದಿಯೊಂದರಿಂದಲೇ ಅಳೆದು ಗುರುತು ಹಾಕುವುದು ಕ್ಷೇಮ. ಮೂಲೆಗಳಿಗೆ ಫೆವಿಕಾಲ್ ಮತ್ತು ಸ್ಕ್ರೂ, ಅಂಚುಗಳಿಗೆ ಸ್ಯಾಂಡ್ ಪೇಪರ್, ಮೇಲೆ ಎರಡು ಕೈ ವಾರ್ನಿಷ್. ಕಾರ್ಡೊಂದರ ತೂಕ 1.32 ಗ್ರಾಂ, ಎಲ್ಲ ಕಾರ್ಡುಗಳದ್ದು ಸೇರಿ ಮೂರು ಕಿಲೋಗೂ ತುಸು ಹೆಚ್ಚು. ತಳವನ್ನು ಮೊಳೆ ಹೊಡೆದಷ್ಟಕ್ಕೇ ಬಿಡದೆ ಸ್ಕ್ರೂ ಹಾಕಿ ಬಿಗಿದದ್ದೂ, ಎರಡು ಬದಿಗೆ ಹಿಡಿಗಳನ್ನು ಇಟ್ಟದ್ದೂ ಈ ತೂಕಕ್ಕಾಗಿ.

‘ಎಸ್’ ಮನೆಗೆ ಮಾತ್ರ ಹೆಚ್ಚಿನ ಆರೈಕೆ ಬೇಕಾಯಿತು. 183 ಮಿಲಿಮೀಟರ್ ಉದ್ದದ ಮನೆಯಿಂದ ಹತ್ತಾರು ಕಾರ್ಡುಗಳನ್ನು ಒಮ್ಮೆಗೆ ತೆಗೆದರೆ ಉಳಿದವು ಕುಸಿದು ಮಲಗಿಬಿಡುತ್ತವೆ. ಅದರೊಳಗೆ ಹಿಂದೆ ಮುಂದೆ ಸರಿಸಬಹುದಾದ ಒಂದು ಮರದ ಬೆಣೆಯನ್ನು ಇಟ್ಟಿದ್ದೇನೆ. ಜೊತೆಗೆ ಎರಡನೆಯ ಅಕ್ಷರವನ್ನು ತೋರಿಸುವ ಎತ್ತರದ ಗುರುತು ಕಾರ್ಡುಗಳಿವೆ. ‘ಎಸ್-ಎಚ್’, ‘ಎಸ್-ಪಿ’, ‘ಎಸ್-ಟಿ’ಗಳ ಹಿಂದೆ ನಿಂತ ಕಾರ್ಡುಗಳನ್ನು ನೋಡಿದರೆ ಅವೇ ಒಂದೊಂದು ಚಿಕ್ಕ ಮನೆಯಷ್ಟು ಇವೆ.

ಇಷ್ಟಾದ ಮೇಲೆ ಈ ಕೆಲಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ಭಾಗಕ್ಕೆ ಬರುತ್ತೇನೆ. ಮೊದಲಕ್ಷರದ ಪ್ರಕಾರ ಜೋಡಿಸಿದ ಪೆಟ್ಟಿಗೆ ಕಣ್ಣಿಗೆ ಅನುಕೂಲವಾದದ್ದೇ ಹೊರತು ಕಿವಿಗೆ ಅಲ್ಲ. ಕನ್ನಡದಲ್ಲಿ ಓದು ಬರಹ ಕಲಿತ ಮಗು ಪದವನ್ನು ಕೇಳಿದ ಕೂಡಲೇ ಅದರ ಮೊದಲ ಧ್ವನಿಯನ್ನು ಹಿಡಿದು ಹುಡುಕುತ್ತದೆ. ನೈಫ್ ಎಂದು ಕೇಳಿದ ಮಗು ‘ಎನ್’ ಮನೆಗೆ ಹೋಗುತ್ತದೆ. ಕಾರ್ಡು ಇರುವುದು ‘ಕೆ’ ಮನೆಯಲ್ಲಿ. ಇದು ಎಲ್ಲೋ ಒಂದೆರಡು ಪದಗಳ ಮಾತಲ್ಲ. ‘ಕೆ’ ಮನೆಯ ಇಪ್ಪತ್ತು ಕಾರ್ಡುಗಳಲ್ಲಿ ಹತ್ತು, ಅಂದರೆ ನ್ಯಾಕ್, ನೇವ್, ನೀಡ್ ಎಂದು ಕೇಳುವ ಎರಡು ಕಾಗುಣಿತಗಳು, ನೀಲ್, ನೆಲ್ಟ್, ನೈಫ್, ನಾಕ್, ನೋಲ್, ನೋನ್, ಇವೆಲ್ಲ ‘ಕೆ-ಎನ್’ ಎಂದು ಆರಂಭವಾಗಿ ‘ನ’ಕಾರದಿಂದಲೇ ಉಚ್ಚಾರವಾಗುತ್ತವೆ. ಉಳಿದ ಹತ್ತರಲ್ಲಿ ಕರ್ಮ, ಖಾಕಿ ಎರಡೂ ನಮ್ಮ ಕಡೆಯಿಂದಲೇ ಇಂಗ್ಲಿಷಿಗೆ ಹೋದವಾದ್ದರಿಂದ ಮಕ್ಕಳು ಅವನ್ನು ಥಟ್ಟನೆ ಗುರುತಿಸುತ್ತಾರೆ.

ಶಾಲೆಯ ಇಂಗ್ಲಿಷ್ ಅಧ್ಯಾಪಕಿ ಮೊದಲ ಮಾದರಿಯನ್ನು ನೋಡಿ, “ಸರ್, ಕಾಗುಣಿತ ಗೊತ್ತಿರುವ ಮಗುವಿಗೆ ಮಾತ್ರ ಇದರಲ್ಲಿ ಪದ ಸಿಗುತ್ತದೆ, ಗೊತ್ತಿಲ್ಲದವರಿಗೇ ಅಲ್ಲವೇ ಇದು ಬೇಕಾಗಿರುವುದು?” ಎಂದು ಕೇಳಿದರು. ಆ ಮಾತಿನಿಂದಲೇ ಮುಚ್ಚಳದ ಒಳಬದಿಗೆ ಒಂದು ವರ್ಣಮಾಲೆಯ ಪಟ್ಟಿ ಹುಟ್ಟಿತು. ಅದರ ಎಡಬದಿಯಲ್ಲಿ ಅಕಾರದಿಂದ ಹಕಾರದವರೆಗೆ ಕನ್ನಡದ ಅಕ್ಷರಗಳು. ಬಲಬದಿಯಲ್ಲಿ ಆ ಧ್ವನಿ ಕೇಳಿದಾಗ ಯಾವ ಯಾವ ಮನೆಗಳಲ್ಲಿ ಹುಡುಕಬೇಕು ಎಂಬ ಸೂಚನೆ.

ಈ ಪಟ್ಟಿಯನ್ನು ತುಂಬಿಸುತ್ತ ಹೋದಾಗ ಇಂಗ್ಲಿಷ್ ಮೊದಲಕ್ಷರಗಳ ಸ್ವಭಾವ ನಿಚ್ಚಳವಾಗಿ ಕಂಡಿತು. ‘ಕ’ ಕೇಳಿದರೆ ‘ಸಿ, ಕೆ, ಕ್ಯೂ’ ಮೂರೂ ಮನೆಗಳು. ‘ಸಿ-ಎಚ್’ ಎಂದು ಬರೆಯುವ ಕೇಯಾಸ್, ಕಾರ್ಡ್, ಕ್ವಾಯರ್ ಕೂಡ ‘ಸಿ’ಯಲ್ಲಿಯೇ ಇವೆ. ‘ಚ’ಕ್ಕೆ ಇಂಗ್ಲಿಷಿನಲ್ಲಿ ಸ್ವಂತ ಅಕ್ಷರವಿಲ್ಲ, ಚೇರ್, ಚಾಕ್ ಮಾತ್ರವಲ್ಲದೆ ‘ಎಚ್’ ಇಲ್ಲದ ಚೆಲ್ಲೊ ಎಂಬ ವಾದ್ಯವೂ ‘ಸಿ’ಯಲ್ಲೇ. ‘ಜ’ ಕೇಳಿದರೆ ‘ಜೆ’ ಮನೆಯ ಜ್ಯುವೆಲ್, ಜಡ್ಜ್‌ಗಳ ಜೊತೆಗೆ ‘ಜಿ’ ಮನೆಯ ಜಯಂಟ್, ಜೀನಿ, ಕೊನೆಯ ಮನೆಯ ಜೀಬ್ರಾ. ‘ಫ’ ಕೇಳಿದರೆ ‘ಎಫ್’ ಅಲ್ಲದೆ ‘ಪಿ’ ಮನೆಯ ಫೋನ್, ಫೋಟೋ, ಫೇಸ್. ‘ಯ’ ಕೇಳಿದರೆ ‘ವೈ’ದ ಆರು ಪದಗಳಿಗಿಂತ ‘ಯು’ ಮನೆಯ ಯೂನಿಯನ್, ಯೂಸೇಜ್, ಯೂನಿಟಿಗಳೇ ಮೊದಲು ಸಿಗಬಹುದು. ‘ರ’ ಕೇಳಿದರೆ ‘ಆರ್’ ಜೊತೆಗೆ ‘ಡಬ್ಲ್ಯು’: ರೈಟ್, ರಾಂಗ್, ರಿಸ್ಟ್, ರೆಕ್. ‘ಹ’ ಕೇಳಿದರೆ ‘ಎಚ್’ ಜೊತೆಗೆ ಮತ್ತೆ ‘ಡಬ್ಲ್ಯು’: ಹೋಲ್, ಹೂಸ್. ‘ಶ’ಕಾರಕ್ಕೆ ‘ಎಸ್-ಎಚ್’ ಗುರುತು ಕಾರ್ಡಿನ ಹಿಂದಿನವು ಸಾಲದೆ ‘ಎಸ್-ಯು’ದಲ್ಲಿರುವ ಶುಗರ್, ‘ಸಿ’ಯಲ್ಲಿರುವ ಶೂಟ್. ‘ಸ’ಕಾರಕ್ಕೆ ‘ಎಸ್’ ಅಲ್ಲದೆ ‘ಸಿ’ಯ ಸೈಕಲ್, ಸಿವಿಲ್, ಸಿಗಾರ್ ಮತ್ತು ‘ಪಿ’ ಮನೆಯ ಸಾಮ್.

‘ಟಿ’ ಮನೆ ಕನ್ನಡ ಕಿವಿಗೆ ವಿಶೇಷವಾಗಿ ಸ್ವಾರಸ್ಯದ್ದು. ಟೇಬಲ್, ಟ್ರೈನ್ ನಮಗೆ ‘ಟ’ಕಾರ, ಥಿಂಗ್, ಥರ್ಡ್, ಥ್ಯಾಂಕ್ ‘ಥ’ಕಾರ, ದೇರ್, ದೀಸ್, ದೋಸ್ ‘ದ’ಕಾರ. ನಮ್ಮ ವರ್ಣಮಾಲೆಯಲ್ಲಿ ಬೇರೆ ಬೇರೆ ಸ್ಥಾನದಲ್ಲಿರುವ ಮೂರು ಧ್ವನಿಗಳು ಅಲ್ಲಿ ಒಂದೇ ಮನೆಯಲ್ಲಿವೆ. ಡಕಾರ ದಕಾರಗಳನ್ನು ಇಂಗ್ಲಿಷ್ ಕಿವಿ ಒಂದೇ ಎಂದು ಕೇಳುವುದಾದರೂ ನಮ್ಮ ಮಕ್ಕಳಿಗೆ ಆ ವ್ಯತ್ಯಾಸ ಸಹಜವಾಗಿ ಗೊತ್ತಿರುವುದರಿಂದ, ಡಾನ್ಸ್ ಎಂದರೆ ‘ಡಿ’, ದೋಸ್ ಎಂದರೆ ‘ಟಿ’ ಎಂಬ ಸೂಚನೆಯನ್ನು ಅವರು ಸುಲಭವಾಗಿ ಪಾಲಿಸಬಲ್ಲರು. ಕನ್ನಡದ ವರ್ಣಮಾಲೆ ಇಲ್ಲಿ ಇಂಗ್ಲಿಷ್ ಕಲಿಕೆಗೆ ಅಡ್ಡಿಯಲ್ಲ, ನೇರವಾದ ನೆರವು. ಮೂರು ಧ್ವನಿಗಳಿಗೆ ಮೂರು ಬಣ್ಣದ ಚುಕ್ಕೆಗಳನ್ನು ‘ಟಿ’ ಮನೆಯ ಕಾರ್ಡುಗಳ ಹಿಂಬದಿಯಲ್ಲಿ ಹಾಕಿದ್ದೇನೆ. ಮಸಾಲೆ ಎಲೆಯ ಹೆಸರಾದ ‘ಟಿ-ಎಚ್-ವೈ-ಎಂ-ಇ’ ಬರೆವಣಿಗೆಯಲ್ಲಿ ‘ಟಿ-ಎಚ್’ ಆದರೂ ಟೈಮ್ ಎಂದೇ ಉಚ್ಚಾರವಾಗುವುದರಿಂದ ಅದಕ್ಕೆ ‘ಟ’ಕಾರದ ಚುಕ್ಕೆ.

ಮುಚ್ಚಳದ ಪಟ್ಟಿಯ ಜೊತೆಗೆ ಆಯಾ ಮನೆಯ ಮುಂಭಾಗದಲ್ಲಿಯೂ ಹಳದಿ ಬಣ್ಣದ ದಾರಿಗಾರ್ಡುಗಳಿವೆ. ‘ಎನ್’ ಮನೆಯದರಲ್ಲಿ, “ಇಲ್ಲಿ ಸಿಗದಿದ್ದರೆ ಕೆ ಮತ್ತು ಜಿ ಮನೆಗಳಲ್ಲಿ ನೋಡಿರಿ” ಎಂದಿದೆ. ‘ಜಿ’ ಏಕೆಂದರೆ ನ್ಯಾಶ್, ನೋಮ್ ಎಂಬೆರಡು ‘ಜಿ-ಎನ್’ ಪದಗಳು ಅಲ್ಲಿವೆ. ಇಂಥ ದಾರಿಗಾರ್ಡು ಎಲ್ಲ ಮನೆಗೂ ಬೇಕಿಲ್ಲ. ‘ಬಿ, ಡಿ, ಎಲ್, ಎಂ’ ಮನೆಗಳ ಧ್ವನಿಗಳು ಬೇರೆ ಮನೆಗಳಿಗೆ ಹರಡಿಕೊಂಡಿಲ್ಲ.

ಖಾಲಿಯಾಗಿ ಉಳಿದ ‘ಎಕ್ಸ್’ಗೆ ಮಿಗಿಸಿದ ಹತ್ತು ಕಾರ್ಡುಗಳಲ್ಲಿ ಎರಡನ್ನು ತೆಗೆದು ಕೈಬರಹದಲ್ಲಿಯೇ ಪದಗಳನ್ನು ಬರೆದೆ. ಒಂದು ‘ಎಕ್ಸ್-ವೈ-ಎಲ್-ಇ-ಎಂ’. ಗಿಡದ ಬೇರಿನಿಂದ ನೀರನ್ನು ಮೇಲಕ್ಕೆ ಒಯ್ಯುವ ಈ ಅಂಗಾಂಶವನ್ನು ವಿಜ್ಞಾನದ ಪಾಠದಲ್ಲಿ ಕ್ಸೈಲಂ ಎಂದು ಓದುವ ಮಕ್ಕಳಿಗೆ ಅದರ ಇಂಗ್ಲಿಷ್ ಉಚ್ಚಾರಣೆ ಜೈಲೆಮ್ ಎಂಬುದು ಕಾರ್ಡಿನ ಹಿಂಬದಿಯಲ್ಲಿ ಸಿಗುತ್ತದೆ. ಇನ್ನೊಂದು ‘ಎಕ್ಸ್-ಇ-ಎನ್-ಒ-ಎನ್’, ಆವರ್ತ ಕೋಷ್ಟಕದ 54ನೆಯ ಧಾತು. ಮುಚ್ಚಳದ ಪಟ್ಟಿಯಲ್ಲಿ ‘ಜ’ದ ಮುಂದೆ ‘ಎಕ್ಸ್’ ಕೂಡ ಸೇರಿತು. ಉಳಿದ ಎಂಟು ಖಾಲಿ ಕಾರ್ಡುಗಳು ಮೊದಲ ಸಾಲಿನ ಕೊನೆಯ ಕಿರುಮನೆಯಲ್ಲಿವೆ; ಮಕ್ಕಳು ತಾವು ಕಂಡ ಐದಕ್ಷರದ ಹೊಸ ಪದವನ್ನು ಅದರಲ್ಲಿ ಬರೆದು ಸರಿಯಾದ ಮನೆಗೆ ಸೇರಿಸಬಹುದು. ಸಡಿಲಕ್ಕೆಂದು ಬಿಟ್ಟ ಜಾಗದ ಅರ್ಧವನ್ನು ಬಳಸಿಕೊಂಡರೂ ‘ಎಸ್’ ಮನೆಗೆ ಐವತ್ತಕ್ಕೂ ಹೆಚ್ಚು ಕಾರ್ಡುಗಳು ಸೇರಬಲ್ಲವು. ಅದಕ್ಕೂ ಮೀರಿದರೆ ಮೂರನೆಯ ಸಾಲಿನ ಅಡ್ಡ ಹಲಗೆಗಳನ್ನು ಮೇಲಕ್ಕೆ ಎತ್ತಿ, ಪಕ್ಕದಲ್ಲಿ ಹೊಸ ತೋಡುಗಳನ್ನು ಕೊರೆದು ಸರಿಸಬೇಕು. ‘ವಿ’, ‘ಯು’ ಮನೆಗಳಲ್ಲಿ ಅದಕ್ಕೆ ಕೊಡಬಹುದಾದ ಜಾಗ ಹೆಚ್ಚಿಲ್ಲ, ‘ಟಿ’ ಮತ್ತು ‘ಆರ್’ಗಳಲ್ಲಿ ಸ್ವಲ್ಪ ಸಿಗುತ್ತದೆ.